ನಿಂತ ಹೃದಯ, ಮಿಡಿವ ಹೃದಯ

ಗಲಗಲಿಯಲ್ಲಿ ಕೃಷ್ಣೆಯ ದಂಡೆಗೆ ಸಂಜೆ ತಪ್ಪದೆ ಹೋಗುತ್ತಿದ್ದ ನಿವೃತ್ತ ಮಾಸ್ತರರೊಬ್ಬರಿಗೆ ನಾಲ್ಕು ಹೆಜ್ಜೆಯಿಡುವಷ್ಟರಲ್ಲಿ ಎದೆ ಹಿಡಿದಂತಾಗತೊಡಗಿತು. ಬೆಳಗಾವಿಯ ವೈದ್ಯರು ಪರೀಕ್ಷಿಸಿ, ಹೃದಯವನ್ನು ಪೋಷಿಸುವ ಮೂರು ನಾಳಗಳೂ ಕಟ್ಟಿಕೊಂಡಿರುವುವೆಂದೂ ಬೈಪಾಸ್ ಶಸ್ತ್ರಕ್ರಿಯೆಯೇ ತಕ್ಕ ಉಪಾಯವೆಂದೂ ತಿಳಿಸಿದರು. ಕಾಲಿನ ಸಿರೆಯನ್ನಾಗಲಿ ಎದೆಗೂಡಿನ ಒಳಗಣ ಧಮನಿಯನ್ನಾಗಲಿ ಜೋಡಿಸಿ, ಅಡ್ಡಿಯನ್ನು ಬಳಸಿಹೋಗುವ ಹೊಸ ದಾರಿಯನ್ನು ರಕ್ತಕ್ಕೆ ಒದಗಿಸುವುದೇ ಇದರ ತಿರುಳು. ಮಾಸ್ತರರು ಕತ್ತರಿಗೆ ಅಂಜಲಿಲ್ಲ. ಹೃದಯವನ್ನು ಕೆಲಹೊತ್ತು ನಿಲ್ಲಿಸುವರೆಂಬ ಮಾತಿಗೆ ಅಂಜಿದರು.

ಸುದ್ದಿ ತಿಳಿದು ಬಂದ ನೆರೆಯ ಒಕ್ಕಲುಮಗನು, “ಮಾಸ್ತರ್ರ, ನಿಂತದ್ದು ಮತ್ತ ಹೊಡ್ಕೋತೈತೇನ್ರಿ?” ಎಂದು ಕೇಳಿದನು. ಮಾಸ್ತರರ ಮನದೊಳಗಿನ ಪ್ರಶ್ನೆಯೂ ಅದೇ ಆಗಿದ್ದಿತು.

ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಉಪಾಯವು ೧೯೫೩ರಲ್ಲಿ ಫಿಲಡೆಲ್ಫಿಯಾದ ಜಾನ್ ಗಿಬ್ಬನ್ನರಿಂದ ಸಫಲವಾಯಿತು. ಯಂತ್ರವು ರಕ್ತಕ್ಕೆ ಆಮ್ಲಜನಕವನ್ನು ಸೇರಿಸಿ ದೇಹಕ್ಕೆ ಮರಳಿಸುತ್ತಿರುವಾಗ, ಪೊಟ್ಯಾಸಿಯಂ ಬೆರೆತ ದ್ರಾವಣದಿಂದ ಹೃದಯವನ್ನು ನಿಲ್ಲಿಸುವರು. ಕೆಲಸ ಮುಗಿದು ರಕ್ತವು ಪುನಃ ಹರಿಯಲು ಅದು ಮಿಡಿಯತೊಡಗುವುದು. ಯಂತ್ರವಿಲ್ಲದ ಇನ್ನೊಂದು ಮಾರ್ಗವೂ ಹೊಸದಲ್ಲ. ೧೯೬೪ರಲ್ಲಿಯೇ ಲೆನಿನ್‌ಗ್ರಾಡಿನ ವಾಸಿಲಿ ಕೊಲೆಸೊವರು ಮಿಡಿಯುವ ಹೃದಯದ ಮೇಲೆಯೇ ಇಂಥ ಜೋಡಣೆಯನ್ನು ಮಾಡಿದ್ದರು. ಈಗ ಹೊಲಿಯುವ ಎಡೆಯನ್ನಷ್ಟೇ ಒಂದು ಉಪಕರಣದಿಂದ ಅದುಮಿ ಹಿಡಿಯುವರು.

ಇದನ್ನು ಕೇಳಿ ಒಕ್ಕಲುಮಗನೆಂದನು: “ಕಾಲುವಿ ದುರಸ್ತಿ ಇದ್ದಂಗ ಆತು ಬಿಡ್ರಿ. ನೀರು ಬ್ಯಾರೆ ಕಡೆ ತಿರುವಿದ್ರ ಕೆಲಸ ಹಸನಾಗತೈತಿ; ಹರಿಯೂ ನೀರಾಗ ಮಾಡಾಕ ಕೈ ಪಳಗಿರಬೇಕು.”

ಹೋಲಿಕೆಯು ಬಹುಮಟ್ಟಿಗೆ ಸರಿಯಾದುದೆ. ಯಂತ್ರದ ಕೊಳವೆಗಳ ಸ್ಪರ್ಶದಿಂದ ರಕ್ತವು ಕೆರಳುವುದು. ಮಹಾಧಮನಿಯನ್ನು ಚಿಮಟಿಸುವಾಗ ಅಲ್ಲಿಯ ಸುಣ್ಣದ ಚೂರು ಮೆದುಳಿಗೆ ಹೋಗಬಹುದು. ಯಂತ್ರವನ್ನು ಬಿಟ್ಟರೆ ಈ ಭಯಗಳು ತಗ್ಗುವುವೆಂದು ಬಹುಜನರು ಎಣಿಸಿದ್ದರು. ಆದರೆ ೧೯ ದೇಶಗಳ ೪,೭೫೨ ರೋಗಿಗಳ ಪರೀಕ್ಷೆಯಲ್ಲಿ (೨೦೧೨) ಮೂವತ್ತು ದಿನಗಳ ಮರಣ, ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡದ ವೈಫಲ್ಯಗಳನ್ನು ಒಟ್ಟಾಗಿ ಎಣಿಸಿದಾಗ ಗಣನೀಯವಾದ ಭೇದ ಕಾಣಲಿಲ್ಲ. ಐದು ವರ್ಷಗಳ ಬಳಿಕವೂ ಹಾಗೆಯೇ. ಯಂತ್ರವಿಲ್ಲದವರಿಗೆ ಪರರ ರಕ್ತ ಕಡಿಮೆ ಬೇಕಾಯಿತು. ಆದರೆ ಬೇಗನೆ ಮರುಚಿಕಿತ್ಸೆ ಬೇಕಾದವರು ಅವರಲ್ಲಿ ತುಸು ಹೆಚ್ಚು. ಅಮೇರಿಕೆಯ ನಿವೃತ್ತ ಸೈನಿಕರ ಮತ್ತೊಂದು ಪರೀಕ್ಷೆಯಲ್ಲಿ (೨೦೧೭) ಐದು ವರ್ಷ ಬದುಕುಳಿದವರು ಯಂತ್ರವಿಲ್ಲದೆ ನೂರಕ್ಕೆ ೮೪.೮, ಯಂತ್ರದೊಡನೆ ೮೮.೧.

ಮಾಸ್ತರರು ಮಿಡಿವ ಹೃದಯದ ಕ್ರಮವನ್ನೇ ಬೇಡಿದರು. ಶಸ್ತ್ರವೈದ್ಯರು, “ನಿಮ್ಮ ಮಹಾಧಮನಿ ಸುಣ್ಣಗಟ್ಟಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆ. ಅದು ಚೆನ್ನಾಗಿದೆ, ಜೋಡಿಸಬೇಕಾದ ನಾಳಗಳು ಮಾತ್ರ ಬಹಳ ಸಣ್ಣವು. ನನ್ನ ಕೈ ಹೆಚ್ಚು ಪಳಗಿರುವುದೂ ಯಂತ್ರದ ಕ್ರಮದಲ್ಲಿಯೇ” ಎಂದು ಮರೆಮಾಚದೆ ನುಡಿದರು. ಆ ಪ್ರಾಮಾಣಿಕತೆಯೇ ಮಾಸ್ತರರ ಅಂಜಿಕೆಯನ್ನು ಅರ್ಧಕ್ಕಿಳಿಸಿತು. ಉಳಿದರ್ಧವನ್ನು ಹೊತ್ತುಕೊಂಡೇ ಅವರು ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದರು.

ಎರಡು ತಿಂಗಳ ತರುವಾಯ ದಂಡೆಯ ಮೇಲೆ ಒಕ್ಕಲುಮಗನು ಎದುರಾದನು. ಅವನು ಬಾಯ್ದೆರೆಯುವ ಮುನ್ನವೇ ಮಾಸ್ತರರು ಅವನ ಬೆರಳುಗಳನ್ನು ತಮ್ಮ ಮುಂಗೈಯ ನಾಡಿಯ ಮೇಲಿರಿಸಿ, “ಎಣಿಸು” ಎಂದರು.