ವಸಂತದ ಹಿಮದಾರಿ

ಸ್ಕೀ ಎಂದರೆ ಹಿಮದ ಮೇಲೆ ಜಾರುವುದಕ್ಕಾಗಿ ಕಾಲಿಗೆ ತೊಡುವ ಉದ್ದನೆಯ ಪಟ್ಟಿ. ಯಂತ್ರದ ತೊಟ್ಟಿಲಲ್ಲಿ ಕುಳಿತು ಬೆಟ್ಟವೇರಿ, ಹದಮಾಡಿಟ್ಟ ಹಾದಿಯಲ್ಲಿ ಜಾರಿ ಬರುವುದು ಒಂದು ಬಗೆ. ಪಟ್ಟಿಯ ಅಡಿಗೆ ರೋಮದ ಪಟ್ಟೆಯನ್ನಂಟಿಸಿ, ಯಾರೂ ತುಳಿಯದ ಹಿಮವನ್ನು ಸ್ವಂತ ಕಾಲಿನಿಂದಲೇ ಹತ್ತಿ, ಆಚೆಯ ಕಣಿವೆಗೆ ಇಳಿಯುವುದು ಮತ್ತೊಂದು ಬಗೆ. ಮೊದಲನೆಯದರಲ್ಲಿ ಅಪಾಯವನ್ನು ಕಾಯುವವರು ಬೇರೆ ಇರುತ್ತಾರೆ, ಎರಡನೆಯದರಲ್ಲಿ ನಾವೇ. ಜೊತೆಯವರು ಹೊಸಬರಾದರಂತೂ ಅವರ ಪಾಲಿನ ಎಚ್ಚರವೂ ಮುಂದೆ ನಡೆಯುವವನ ಮೇಲೆಯೇ ಬೀಳುತ್ತದೆ.

ಸ್ವಿಟ್ಜರ್ಲೆಂಡಿನ ದಾವೋಸಿನಿಂದ ಆರೋಸಾ ಎಂಬ ಊರಿಗೆ ಮಾಯೆನ್‌ಫೆಲ್ಡರ್ ಫುರ್ಗ್ಗಾ ಎಂಬ ಕಣಿವೆದಾರಿಯುಂಟು. ಅದರ ಎತ್ತರ ಸುಮಾರು ೨೪೪೦ ಮೀಟರು. ಷೆರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲನು, ಕ್ಷಯದಿಂದ ನರಳುತ್ತಿದ್ದ ಪತ್ನಿಯೊಡನೆ ದಾವೋಸಿನಲ್ಲಿದ್ದಾಗ, ೧೮೯೪ರ ಮಾರ್ಚಿಯಲ್ಲಿ ಇದನ್ನು ಸ್ಕೀ ಕಟ್ಟಿಕೊಂಡು ದಾಟಿದನು. ಅವನು ಹೊಸಬ, ಜೊತೆಗಿದ್ದ ಬ್ರಾಂಗರ್ ಸೋದರರು ಹಿಂದಿನ ವರ್ಷವೇ ಆ ದಾರಿಯನ್ನು ನೋಡಿ ಬಂದವರು. ಅವರು ಬೆಳಗಾಗುವ ಮುನ್ನವೇ ಹೊರಟರು. ಇಳಿಜಾರು ತೀರ ಕಡಿದಾದೆಡೆಯಲ್ಲಿ ಸ್ಕೀಗಳನ್ನು ಬಿಚ್ಚಿಸಿ, ಜೋಡಿಸಿ ಕಟ್ಟಿ, ಅವುಗಳ ಮೇಲೆ ಕುಳಿತು ಜಾರಿದರು. ಡಾಯ್ಲನ ಸ್ಕೀಗಳು ಕೈತಪ್ಪಿ ಹೋಗಿ, ಅವನು ಷರಾಯಿಯ ಮೇಲೆಯೇ ಜಾರಬೇಕಾಯಿತಂತೆ. ಕಥೆ ನಗು ಬರಿಸುವಂತಹುದು. ಆದರೆ ಹೊಸಬನನ್ನು ಕರೆದೊಯ್ಯುವ ನೀತಿಯೆಲ್ಲವೂ ಅದರಲ್ಲಿದೆ: ದಾರಿಯನ್ನು ಮೊದಲೇ ಬಲ್ಲವರಿರಬೇಕು, ಬೇಗ ಹೊರಡಬೇಕು, ಕಷ್ಟದೆಡೆಯಲ್ಲಿ ಅಭಿಮಾನವನ್ನು ಬಿಚ್ಚಿಡಬೇಕು.

ಬೇಗ ಹೊರಡುವುದೇಕೆ? ವಸಂತದಲ್ಲಿ ಹಗಲು ಬಿಸಿಲಿಗೆ ಕರಗಿದ ಹಿಮವು, ಆಕಾಶ ತಿಳಿಯಾಗಿರುವ ರಾತ್ರಿಯಲ್ಲಿ ತನ್ನ ಕಾವನ್ನು ಮೇಲಕ್ಕೆ ಬಿಟ್ಟುಕೊಟ್ಟು ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಮುಂಜಾನೆ ಅದು ನಮ್ಮ ಭಾರವನ್ನು ತಾಳುತ್ತದೆ. ಬಿಸಿಲೇರಿದಂತೆ ಮೇಲಿನ ಒಂದೆರಡು ಅಂಗುಲ ಮೆತ್ತಗಾಗುವುದು. ಇಳಿಯುವುದಕ್ಕೆ ಅದೇ ಸುಮುಹೂರ್ತ. ಇನ್ನೂ ತಡವಾದರೆ ನೀರು ಒಳಗಿಳಿದು, ಪದರಗಳ ಬಂಧ ಸಡಿಲವಾಗಿ, ಇಳಿಜಾರೇ ಕುಸಿಯಬಹುದು. ಮೋಡ ಕವಿದ ರಾತ್ರಿ ಕಂಬಳಿಯಿದ್ದಂತೆ. ಕಾವು ಹೊರಗೆ ಹೋಗದು, ಹಿಮ ಗಟ್ಟಿಯಾಗದು.

ಆದುದರಿಂದ ಲೆಕ್ಕವನ್ನು ಹಿಂದಿನಿಂದ ಮಾಡತಕ್ಕದ್ದು. ಫ್ರೌವೆನ್‌ಕಿರ್ಖ್ ಗ್ರಾಮದಿಂದ ಕಣಿವೆಯ ನೆತ್ತಿಗೆ ಸುಮಾರು ೯೦೦ ಮೀಟರು ಏರು. ಪಳಗಿದವರು ಗಂಟೆಗೆ ೪೦೦ ಮೀಟರು ಏರಿಯಾರು. ಹೊಸಬರಿಗೆ ೩೦೦ ಎಂದಿಟ್ಟುಕೊಳ್ಳುವುದೇ ಕ್ಷೇಮ. ಮೂರು ಗಂಟೆಯ ಏರಿಗೆ ವಿಶ್ರಾಂತಿಗೂ ತೊಡಕುಗಳಿಗೂ ಒಂದು ಗಂಟೆ ಕೂಡಿಸಿದರೆ, ೯ಕ್ಕೆ ಮೇಲಿರಬೇಕಾದವರು ೫ಕ್ಕೆ ಹೊರಡಬೇಕು. ಹಿಮಕುಸಿತಗಳು ಬಹುಮಟ್ಟಿಗೆ ೩೦ ಡಿಗ್ರಿಗಿಂತ ಕಡಿದಾದ ಇಳಿಜಾರುಗಳಲ್ಲಿ ಹುಟ್ಟುತ್ತವೆ. ನಕ್ಷೆಯಲ್ಲಿ ಅವನ್ನು ಗುರುತಿಸಿ, ಅವುಗಳ ಮೇಲೂ ಬುಡದಲ್ಲೂ ಹೋಗದಂತೆ ದಾರಿಯನ್ನು ಆಯಬೇಕು. ದಾವೋಸಿನ ಹಿಮ ಸಂಶೋಧನ ಸಂಸ್ಥೆಯ ಎಚ್ಚರಿಕೆಯ ಪತ್ರಿಕೆಯನ್ನು ಹಿಂದಿನ ಸಂಜೆಯೇ ಓದಬೇಕು. ಅದರಲ್ಲಿ ಅಪಾಯಕ್ಕೆ ಐದು ಮೆಟ್ಟಿಲು. ಹೆಚ್ಚಿನ ಸಾವುಗಳು ಎಲ್ಲರೂ ಹೆದರುವ ಐದನೆಯದರಲ್ಲಲ್ಲ, ಎರಡನೆಯ ಮತ್ತು ಮೂರನೆಯದರಲ್ಲಿ ಆಗುತ್ತವೆ.

ಪ್ರತಿಯೊಬ್ಬರ ಬಳಿಯೂ ಸಂಕೇತ ಕಳುಹಿಸುವ ಟ್ರಾನ್ಸ್‌ಸೀವರು, ಹಿಮವನ್ನು ಚುಚ್ಚಿ ನೋಡುವ ಕೋಲು, ಸಲಿಕೆ ಇರಲೇಬೇಕು. ಹೂತುಹೋದವನನ್ನು ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದರೆ ಬದುಕುವ ಆಸೆ ಬಹಳ. ಆಮೇಲೆ ಅದು ಬೇಗ ಬೇಗ ಕುಗ್ಗುತ್ತದೆ. ಹೊರಗಿನ ಸಹಾಯ ಬರುವುದಕ್ಕೆ ಅಷ್ಟು ಸಮಯ ಸಾಲದು. ನನ್ನನ್ನು ಅಗೆದು ತೆಗೆಯಬೇಕಾದವರು ಆ ಹೊಸಬರೇ. ಆದುದರಿಂದ ಹೊರಡುವ ಮುನ್ನ ಅವರಿಗೆ ಹುಡುಕುವ ಅಭ್ಯಾಸ ಮಾಡಿಸುವುದು ಉಪಕಾರವಲ್ಲ, ಸ್ವಾರ್ಥವೇ ಎಂದರೂ ಸರಿ.

ಒಂದು ಏಪ್ರಿಲಿನಲ್ಲಿ ನನ್ನ ಸೋದರಳಿಯನೂ ಅವನ ಮಿತ್ರ ದಂಪತಿಗಳೂ ಈ ದಾರಿಗೆ ನನ್ನೊಡನೆ ಬಂದರು. ಹಿಂದಿನ ರಾತ್ರಿ ಒಂದು ಒಪ್ಪಂದ ಮಾಡಿಕೊಂಡೆವು: ಯಾರು 'ಹಿಂತಿರುಗೋಣ' ಎಂದರೂ ಕಾರಣ ಕೇಳದೆ ಹಿಂತಿರುಗುವುದು. ರಾತ್ರಿಯೆಲ್ಲ ಮೋಡವಿದ್ದು, ಬೆಳಗಿನ ಜಾವಕ್ಕೆ ಚದುರಿತು. ಸ್ಟಾಫೆಲಾಲ್ಪ್ ಎಂಬ ಬೆಟ್ಟದ ಹುಲ್ಲುಗಾವಲಿನ ಹತ್ತಿರ ನನ್ನ ಕೈಗೋಲು ಹಿಮದಲ್ಲಿ ಆಳಕ್ಕೆ ಇಳಿಯುತ್ತಿತ್ತು. ನಾನು ನಿಂತು ಸ್ಕೀ ಬಿಚ್ಚಿ ಕಾಲೂರಿ ಪರೀಕ್ಷಿಸುತ್ತಿರುವಾಗಲೇ, ಎಲ್ಲರಿಗಿಂತ ಹೊಸಬಳಾದ ಆ ಮಿತ್ರನ ಪತ್ನಿ ಮೆಲ್ಲನೆ, "ನಿನ್ನೆ ಸಂಜೆ ನೀವು ಹೇಳಿದ ಗಟ್ಟಿ ಹಿಮ ಇದಲ್ಲ ಅಲ್ಲವೇ? ಹಿಂತಿರುಗೋಣ," ಎಂದರು. ಮೊಣಕಾಲವರೆಗೆ ಹೂತಿದ್ದ ನನ್ನ ಕಾಲೇ ಉತ್ತರ ಹೇಳುತ್ತಿತ್ತು.

"ಮಾವ, ಆಕಾಶ ಎಷ್ಟು ತಿಳಿಯಾಗಿದೆ ನೋಡಿ! ಇದಕ್ಕಾಗಿ ಬೆಂಗಳೂರಿನಿಂದ ಬಂದಿದ್ದೇನೆ," ಎಂದು ಸೋದರಳಿಯನು ಮುಖ ಸಣ್ಣದು ಮಾಡಿದನು. ಒಪ್ಪಂದವಿದ್ದುದರಿಂದ ವಾದ ಬೆಳೆಯಲಿಲ್ಲ. ಎಂಟು ಗಂಟೆಯ ಹೊತ್ತಿಗೆ ಗ್ರಾಮದಲ್ಲಿ ಕಾಫಿ ಕುಡಿಯುತ್ತಿದ್ದೆವು.

ಆ ದಿನ ಮೇಲಿನ ಇಳಿಜಾರು ಕುಸಿಯಿತೋ ಇಲ್ಲವೋ ನಾನು ವಿಚಾರಿಸಲಿಲ್ಲ. ಕುಸಿಯದಿದ್ದರೂ ನಮ್ಮ ತೀರ್ಮಾನ ಸರಿಯಾದುದೇ. ಹಿಮವು ಕ್ಷಮಿಸಿದ ದಿನಗಳನ್ನೆಲ್ಲ ತನ್ನ ಜಾಣತನವೆಂದು ಎಣಿಸಿಕೊಳ್ಳುವವನೇ ಹೊಸಬರಿಗೆ ಅಪಾಯಕಾರಿಯಾದ ಮುಂದಾಳು. ಮೂರು ದಿನಗಳ ತರುವಾಯ, ನಕ್ಷತ್ರಗಳು ತುಂಬಿದ್ದ ರಾತ್ರಿಯ ಮಾರನೆಯ ಬೆಳಗ್ಗೆ, ನಾಲ್ವರೂ ಆರೋಸಾಕ್ಕೆ ಇಳಿದೆವು. ಮುಂದಿನ ದಾರಿಯನ್ನು ಆಯುವಾಗ ನಕ್ಷೆಯನ್ನು ಮೊದಲು ಕೈಗೆತ್ತಿಕೊಂಡವರು ಆ ತಾಯಿಯೇ.