ಕೈ ಕಲಿತ ದಯೆ

ನಮ್ಮ ಲೋಕಲ್ ಗಾಡಿಯಲ್ಲಿ ಮೂವರು ಕೂರುವ ಬೆಂಚಿನ ಮೇಲೆ ನಾಲ್ವರು ಕೂರುತ್ತಾರೆ. ಹೀಗೆ ಕೂರಬೇಕೆಂದು ಯಾವ ನಿಯಮವೂ ಇಲ್ಲ. ನಿಂತವರು ಕಣ್ಣಲ್ಲೇ ಕೇಳುತ್ತಾರೆ, ಕೂತವರು ಕಿಟಕಿಯ ಕಡೆ ಸರಿಯುತ್ತಾರೆ, ನಾಲ್ಕನೆಯವರಿಗೆ ಅರ್ಧ ಸೀಟು ಸಿಗುತ್ತದೆ. ಬಾಗಿಲ ಬಳಿ ಹತ್ತಿದವರ ಚೀಲ ಕೈಯಿಂದ ಕೈಗೆ ದಾಟಿ ತಲೆಯ ಮೇಲಿನ ರ‍್ಯಾಕ್ ಸೇರುತ್ತದೆ. ಇಳಿಯುವ ಹೊತ್ತಿಗೆ ಅದೇ ದಾರಿಯಲ್ಲಿ ಮರಳಿ ಬರುತ್ತದೆ. ಫುಟ್‌ಬೋರ್ಡಿನ ಮೇಲೆ ಆಯ ತಪ್ಪಿದವನ ತೋಳನ್ನು ಒಳಗಿನವನು ಗಟ್ಟಿಯಾಗಿ ಹಿಡಿದು ಎಳೆದುಕೊಳ್ಳುತ್ತಾನೆ. ಹಿಡಿದವನಿಗೆ ಅವನ ಹೆಸರು, ಊರು, ಜಾತಿ, ಭಾಷೆ ಒಂದೂ ತಿಳಿದಿರುವುದಿಲ್ಲ. ಅಂಬರನಾಥದಿಂದ ಮುಂಬಯಿಗೆ ದಿನವೂ ಹೋಗಿಬರುವ ನಮಗೆ ಇದು ಎಷ್ಟು ಸಹಜವೆಂದರೆ, ಇದನ್ನು ಉಪಕಾರವೆಂದು ಕರೆಯಬೇಕೆಂದೂ ತೋಚುವುದಿಲ್ಲ. ಊರಿನಿಂದ ಹೊಸದಾಗಿ ಬಂದ ನೆಂಟರು ಮಾತ್ರ ಬೆರಗಾಗುತ್ತಾರೆ.

ಆ ಬೆರಗನ್ನು ಕಂಡಾಗಲೆಲ್ಲ ನನಗೆ ಅನ್ನಿಸುವುದು ಇಷ್ಟು. ಅಪರಿಚಿತರ ದಯೆ ಪಡೆಯುವವರ ಪಾಲಿಗೆ ಅನಿರೀಕ್ಷಿತ. ಕೊಡುವವರಲ್ಲಿ ಅದು ಬಹುಕಾಲದಿಂದ ಬೆಳೆದ ಅಭ್ಯಾಸ. ಒಳ್ಳೆಯ ಮನಸ್ಸು ಎಲ್ಲರಲ್ಲೂ ಇರುತ್ತದೆ ಎಂದೇ ನಾನು ನಂಬಿದ್ದೇನೆ. ಆದರೆ ಬೇಕಾದ ಹೊತ್ತಿಗೆ ಆ ಮನಸ್ಸು ಕೈಗೆ ಇಳಿಯಬೇಕಾದರೆ ಕೈಗೂ ಮೊದಲೇ ರೂಢಿಯಾಗಿರಬೇಕು.

ಕಲ್ಯಾಣದಿಂದ ಕರ್ಜತ್ ಕಡೆಗೆ ಹೊರಟರೆ ಅಂಬರನಾಥ, ಬದಲಾಪುರ, ಅದರ ಮುಂದೆ ವಾಂಗಣಿ. ಅಲ್ಲಿ ಕಣ್ಣು ಕಾಣದವರ ಬಹಳ ಕುಟುಂಬಗಳು ನೆಲೆಸಿವೆ. ಅವರಲ್ಲಿ ಅನೇಕರು ಲೋಕಲ್‌ನಲ್ಲಿ ಸಣ್ಣಪುಟ್ಟ ಸಾಮಾನು ಮಾರಿ, ಹಾಡು ಹೇಳಿ ಬದುಕುತ್ತಾರೆ. 2021ರ ಏಪ್ರಿಲ್ 17ರ ಸಂಜೆ ಆ ನಿಲ್ದಾಣದ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ದೃಷ್ಟಿಯಿಲ್ಲದ ತಾಯಿಯೊಬ್ಬರು ತಮ್ಮ ಮಗುವಿನೊಂದಿಗೆ ನಡೆಯುತ್ತಿದ್ದರು. ಮಗು ಜಾರಿ ಹಳಿಯ ಮೇಲೆ ಬಿತ್ತು. ಎದುರಿಗೆ ವೇಗವಾಗಿ ಬರುತ್ತಿದ್ದುದು ನಮ್ಮ ಬೆಂಗಳೂರಿನಿಂದ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್. ಮಗು ಎಲ್ಲಿ ಬಿದ್ದಿದೆ ಎಂದೇ ತಿಳಿಯದೆ ತಾಯಿ ನೆಲ ತಡಕಾಡುತ್ತಿದ್ದರು. ಆ ಗಾಡಿಗೆ ಬಾವುಟ ತೋರಿಸಲು ನಿಂತಿದ್ದ ಪಾಯಿಂಟ್ಸ್‌ಮನ್ ಮಯೂರ್ ಶೆಳ್ಕೆ ಹಳಿಯ ಮೇಲೇ ಗಾಡಿಗೆ ಎದುರಾಗಿ ಓಡಿದರು. ಮಗುವನ್ನು ಎತ್ತಿ ಮೇಲೆ ಹಾಕಿದರು, ತಾವೂ ಹತ್ತಿಕೊಂಡರು, ಮರುಕ್ಷಣವೇ ಗಾಡಿ ಹಾದುಹೋಯಿತು. ನಿಲ್ದಾಣದ ಕ್ಯಾಮೆರಾದಲ್ಲಿ ದಾಖಲಾದ ಆ ದೃಶ್ಯವನ್ನು ದೇಶವೇ ನೋಡಿತು.

ರೈಲ್ವೆ ಅವರಿಗೆ 50,000 ರೂಪಾಯಿ ಬಹುಮಾನ ಕೊಟ್ಟಿತು. ಅದರಲ್ಲಿ ಅರ್ಧವನ್ನು ಆ ತಾಯಿ ಮಗುವಿಗೇ ಕೊಡುವುದಾಗಿ ಅವರು ಹೇಳಿದರು. ಓಟದ ಆ ಕ್ಷಣದಲ್ಲಿ ತಮ್ಮ ಜೀವದ ಭಯವೂ ಮನಸ್ಸಿನಲ್ಲಿ ಸುಳಿಯಿತೆಂದು ಮರೆಮಾಚದೆ ಒಪ್ಪಿಕೊಂಡರು. ಈ ಮಾತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಭಯ ಅವರಿಗೂ ಇತ್ತು. ಹಳಿಯನ್ನು ಬಲ್ಲ ಕಾಲುಗಳು, ಗಾಡಿಯ ವೇಗವನ್ನು ಅಳೆಯಬಲ್ಲ ಕಣ್ಣುಗಳು ಆ ಭಯವನ್ನು ದಾಟಿ ಓಡಿದವು. ಹಣದ ವಿಷಯದಲ್ಲಂತೂ ಯೋಚಿಸಲು ಬೇಕಾದಷ್ಟು ಹೊತ್ತಿತ್ತು; ಯೋಚಿಸಿದ ಮೇಲೂ ಅವರು ಹಂಚಿಕೊಳ್ಳಲು ನಿರ್ಧರಿಸಿದರು. ದಿಢೀರನೆ ತೋರಿದ ದಯೆ ಬೇರೆ, ವಿಚಾರ ಮಾಡಿ ತೋರಿದ ದಯೆ ಬೇರೆ ಎಂದು ನಾವು ಭಾಗ ಮಾಡುತ್ತೇವೆ. ಅವೆರಡರ ಬೇರು ಒಂದೇ ಎಂದು ಆ ಮನುಷ್ಯ ತೋರಿಸಿಕೊಟ್ಟರು.

ಈ ಸೀಮೆಗೆ ಮಳೆಗಾಲ ಮತ್ತೆ ಮತ್ತೆ ಇಂಥ ಪರೀಕ್ಷೆ ಒಡ್ಡಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಗಾಡಿಗಳು ನಿಂತಾಗ, ಜನ ಕತ್ತಲಲ್ಲಿ ಹಳಿಗುಂಟ, ರಸ್ತೆಗುಂಟ ನಡೆದು ಮನೆ ಸೇರಲು ಹೊರಟರು. ದಾರಿಯ ಬದಿಯ ಚಾಳುಗಳಿಂದ ಚಹಾ ಬಂತು, ಬಿಸ್ಕತ್ತು ಬಂತು; ಗುರುತಿಲ್ಲದ ಹೆಂಗಸರು ಮಕ್ಕಳನ್ನು ಮನೆಯೊಳಗೆ ಕರೆದು ಮಲಗಿಸಿದರು. 2019ರ ಜುಲೈ 26ರ ರಾತ್ರಿ ಮುಂಬಯಿಯಿಂದ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರಕ್ಕೂ ವಾಂಗಣಿಗೂ ನಡುವೆ ಉಲ್ಹಾಸ್ ನದಿಯ ನೆರೆಯಲ್ಲಿ ಸಿಕ್ಕಿಕೊಂಡಿತು. ಸುತ್ತ ಎಲ್ಲಿ ನೋಡಿದರೂ ನೀರು, ಒಳಗೆ ಸುಮಾರು 1,050 ಜನ. ಮರುದಿನ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು ದೋಣಿ ತಂದು ಎಲ್ಲರನ್ನೂ ದಡ ಸೇರಿಸಿದರು. ಪ್ರಯಾಣಿಕರಲ್ಲಿ ಒಂಬತ್ತು ಮಂದಿ ಗರ್ಭಿಣಿಯರಿದ್ದರು. ಸುತ್ತಲಿನ ಹಳ್ಳಿಯವರೂ ಕೈಜೋಡಿಸಿದರು. ದೋಣಿಯಿಂದ ಇಳಿಯುವವರ ಕೈ ಹಿಡಿಯುವುದು, ಮಗುವನ್ನು ಎತ್ತಿಕೊಳ್ಳುವುದು, ಮುದುಕರನ್ನು ಕೂರಿಸುವುದು: ಇಂಥ ಕೆಲಸಗಳಿಗೆ ದೊಡ್ಡ ಹೆಸರಿಲ್ಲ, ಆದರೆ ಇವಿಲ್ಲದೆ ಯಾವ ರಕ್ಷಣಾ ಕಾರ್ಯವೂ ಮುಗಿಯುವುದಿಲ್ಲ.

ಹಾಗಾದರೆ ಮಕ್ಕಳಿಗೆ ಇದನ್ನು ಕಲಿಸುವುದು ಹೇಗೆ? ಉಪದೇಶದಿಂದ ಆಗುವುದಿಲ್ಲವೆಂದು ಎಲ್ಲ ತಾಯ್ತಂದೆಯರಿಗೂ ಗೊತ್ತು. ಈ ಕೊಂಕಣದ ಮಗನೇ ಆದ ಸಾನೆ ಗುರೂಜಿ 1933ರಲ್ಲಿ ನಾಸಿಕದ ಜೈಲಿನಲ್ಲಿ ಬರೆದ ‘ಶ್ಯಾಮಚೀ ಆಯಿ’ಯಲ್ಲಿ ಒಂದು ಪ್ರಸಂಗವಿದೆ. ಅಸ್ಪೃಶ್ಯಳೆನಿಸಿಕೊಂಡ ಮುದುಕಿಯೊಬ್ಬಳ ಕಟ್ಟಿಗೆಯ ಹೊರೆ ದಾರಿಯಲ್ಲಿ ಬಿದ್ದಿದೆ. ಎತ್ತಿ ತಲೆಗಿಡಲು ಯಾರೂ ಬರುತ್ತಿಲ್ಲ. ತಾಯಿ ಶ್ಯಾಮನಿಗೆ ಸಮಾನತೆಯ ಪಾಠ ಹೇಳುತ್ತಾ ಕೂರುವುದಿಲ್ಲ. ಹೋಗಿ ಹೊರೆ ಎತ್ತಿಕೊಡು ಎಂದು ಕಳಿಸುತ್ತಾಳೆ. ಆ ಕಾಲದ ಕಟ್ಟುಪಾಡಿಗೆ ಅಂಜಿ, ಬಂದ ಮೇಲೆ ಸ್ನಾನ ಮಾಡು ಎಂದೂ ಹೇಳುತ್ತಾಳೆ. ಅವಳಿಗಿದ್ದ ಮಿತಿ ಅದು. ಆದರೂ ಆ ಹೊರೆಯ ಭಾರ ಹುಡುಗನ ತೋಳಿಗೆ ತಿಳಿಯಿತು. ಆ ಶ್ಯಾಮ ಬೇರೆ ಯಾರೂ ಅಲ್ಲ, ಸಾನೆ ಗುರೂಜಿಯೇ; ಅವರು ದೊಡ್ಡವರಾಗಿ, 1947ರಲ್ಲಿ ಪಂಢರಪುರದ ವಿಠ್ಠಲನ ಬಾಗಿಲನ್ನು ದಲಿತರಿಗೆ ತೆರೆಯಿರೆಂದು ಉಪವಾಸ ಕೂತರು.

ಸೇವೆಗೂ ತಾಲೀಮು ಬೇಕೆಂಬ ಮಾತನ್ನು ನಮ್ಮ ಕನ್ನಡ ನಾಡಿನ ಡಾ. ನಾ. ಸು. ಹರ್ಡೀಕರರು ದೇಶಕ್ಕೇ ಮನಗಾಣಿಸಿದರು. 1923ರ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಹುಟ್ಟಿದ ಹಿಂದೂಸ್ತಾನಿ ಸೇವಾದಳ ಅವರದೇ ಕೂಸು. ಉತ್ಸಾಹವೊಂದೇ ಸಾಲದು, ಸಾಲಾಗಿ ನಿಲ್ಲುವುದು, ಜನಸಂದಣಿಯನ್ನು ನಿಭಾಯಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಎಲ್ಲವೂ ಸ್ವಯಂಸೇವಕನಿಗೆ ಬರಬೇಕು. ಮುಂಬಯಿಗೆ ಬಂದ ಕನ್ನಡಿಗರೂ ಇದನ್ನು ತಮ್ಮದೇ ರೀತಿಯಲ್ಲಿ ಅರಿತಿದ್ದರು. ಹಗಲೆಲ್ಲ ಹೋಟೆಲಿನಲ್ಲಿ ದುಡಿಯುತ್ತಿದ್ದ ಕರಾವಳಿಯ ಹುಡುಗರಿಗಾಗಿ ಅವರು ರಾತ್ರಿಶಾಲೆಗಳನ್ನು ತೆರೆದರು. ಮೊಗವೀರರ ರಾತ್ರಿಶಾಲೆ ಕಳೆದ ಶತಮಾನದ ಆರಂಭದಲ್ಲೇ ಶುರುವಾಯಿತು. ಅಲ್ಲಿ ಅಕ್ಷರ ಕಲಿತವರು ಮುಂದೆ ಸಂಘಗಳನ್ನು ಕಟ್ಟಿದರು, ಇತರರನ್ನು ಓದಿಸಿದರು. ಪಡೆದದ್ದನ್ನು ಕೊಟ್ಟವರಿಗೇ ತೀರಿಸಬೇಕಿಲ್ಲ, ಮುಂದೆ ಬರುವವರಿಗೆ ದಾಟಿಸಿದರೂ ಋಣ ಸಂದಂತೆಯೇ ಎಂಬುದನ್ನು ಅವರು ಬಾಳಿ ತೋರಿಸಿದರು.

ನಮ್ಮೂರು ಅಂಬರನಾಥದಲ್ಲೂ ಅಂಥ ಪಾಠಕ್ಕೆ ಜಾಗವಿದೆ. ವಾಲಧುನಿ ನದಿಯ ದಂಡೆಯ ಮೇಲೆ ಶಿಲಾಹಾರರು 1060ರಲ್ಲಿ ಪೂರ್ಣಗೊಳಿಸಿದ ಶಿವಾಲಯಕ್ಕೆ ಮಹಾಶಿವರಾತ್ರಿಯ ದಿನ ಅಪಾರ ಜನ ಬರುತ್ತಾರೆ. ಬಿಸಿಲಲ್ಲಿ ಉದ್ದನೆಯ ಸರದಿ. ಅಲ್ಲಿ ನೀರು ಕೊಡುವ ಕೆಲಸಕ್ಕೆ ಮಕ್ಕಳನ್ನು ನಿಲ್ಲಿಸಿದರೆ ಎಷ್ಟೆಲ್ಲ ಕಲಿಯುತ್ತಾರೆ! ಲೋಟವನ್ನು ಮುಂದೆ ಚಾಚಿ ಬೇರೆಲ್ಲೋ ನೋಡಬಾರದು, ಮುಖ ನೋಡಿ ಕೊಡಬೇಕು. ಮುದುಕರು ಕೈ ಚಾಚುವವರೆಗೆ ಕಾಯದೆ ನಾವೇ ಎರಡು ಹೆಜ್ಜೆ ಮುಂದೆ ಹೋಗಬೇಕು. ಮತ್ತೊಂದು ಲೋಟ ಕೇಳಿದವರನ್ನು ಲೆಕ್ಕ ಕೇಳಬಾರದು. ಕೊಡುವಾಗ ಫೋಟೋ ತೆಗೆಯಬಾರದು. ಕೊನೆಗೆ ನೆಲದ ಮೇಲೆ ಬಿದ್ದ ಲೋಟಗಳನ್ನೂ ನಾವೇ ಆರಿಸಬೇಕು. ಈ ಕಡೆಯ ಕೆಲಸ ಮಾಡದವರಿಗೆ ಸೇವೆ ಅರ್ಧವೇ ಸಿಕ್ಕಿದ ಹಾಗೆ.

ಕಣ್ಣು ಕಾಣದವರಿಗೆ ದಾರಿ ತೋರಿಸುವುದಂತೂ ನಮ್ಮ ಈ ಲೈನಿನ ಪ್ರತಿ ಮಗುವೂ ಕಲಿಯಬೇಕಾದ ವಿದ್ಯೆ. ಹಿಂದಿನಿಂದ ಬಂದು ಅವರ ಕೈಯನ್ನೋ ಕೋಲನ್ನೋ ಹಿಡಿದು ಎಳೆಯಬಾರದು. ಮೊದಲು ಮಾತಾಡಿಸಿ, ಸಹಾಯ ಬೇಕೇ ಎಂದು ಕೇಳಬೇಕು. ಬೇಕೆಂದರೆ ನಮ್ಮ ಮೊಣಕೈ ಅವರಿಗೆ ತಾಗುವಂತೆ ನಿಂತು, ಅವರೇ ಹಿಡಿದುಕೊಳ್ಳಲು ಬಿಟ್ಟು, ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಮೆಟ್ಟಿಲು ಬಂದರೆ ಮೇಲಕ್ಕೋ ಕೆಳಕ್ಕೋ ಹೇಳಬೇಕು. ಬೇಡವೆಂದರೆ ಬೇಸರಪಡದೆ ಸರಿದು ನಿಲ್ಲಬೇಕು. “ಕಾಕಾ, ಪುಢೇ ಪಾಯರೀ ಆಹೇ” ಎಂದು ನನ್ನ ಮಗಳು ಒಬ್ಬ ಹಿರಿಯರಿಗೆ ಹೇಳಿ ಸೇತುವೆ ಹತ್ತಿಸಿದ್ದನ್ನು ಕಂಡಾಗ ಅವಳು ತರಗತಿಯಲ್ಲಿ ತಂದ ಯಾವ ಅಂಕಕ್ಕೂ ಆಗದಷ್ಟು ಹಿಗ್ಗು ನನಗಾಯಿತು. ಮುಂದೆ ಮೆಟ್ಟಿಲಿದೆ ಎಂಬ ಆ ಪುಟ್ಟ ಮಾತಿನಲ್ಲಿ ಕರುಣೆಯ ಜೊತೆಗೆ ಗೌರವವೂ ಇತ್ತು.

ಅಪರಿಚಿತರ ಜೊತೆ ಮಾತಾಡಬೇಡ ಎಂದು ಹೇಳಿಯೂ, ಅಪರಿಚಿತರಿಗೆ ನೆರವಾಗು ಎಂದು ಹೇಗೆ ಹೇಳುವುದೆಂದು ಗೆಳತಿಯೊಬ್ಬಳು ಕೇಳಿದಳು. ಅವಳ ಅಂಜಿಕೆ ನ್ಯಾಯವಾದದ್ದೇ. ಅದಕ್ಕೇ ಮಗುವಿನ ಸೇವೆ ಹಿರಿಯರ ಪಕ್ಕದಲ್ಲಿ, ನಾಲ್ಕು ಜನರ ಕಣ್ಣೆದುರು ನಡೆಯಬೇಕು. ನಾವು ಮಾಡುತ್ತಿರುವ ಕೆಲಸದಲ್ಲೇ ಅದಕ್ಕೂ ಒಂದು ಪಾಲು ಕೊಡಬೇಕು. ಆ ಪಾಲು ನಿಜವಾದ ಕೆಲಸವಾಗಿರಬೇಕು. ಮಗು ಬಾರದಿದ್ದರೆ ಆ ಕೆಲಸ ಉಳಿದುಹೋಗುವಂತಿರಬೇಕು. ತನ್ನಿಂದ ಒಬ್ಬರಿಗೆ ಅನುಕೂಲವಾಯಿತು ಎಂಬ ಸುಖವನ್ನು ಒಮ್ಮೆ ಉಂಡ ಮಗು ಅದನ್ನು ಮತ್ತೆ ತಾನೇ ಹುಡುಕಿಕೊಂಡು ಹೋಗುತ್ತದೆ. ಆಗ ಪ್ರಮಾಣಪತ್ರವೂ ಬೇಡ, ಚಪ್ಪಾಳೆಯೂ ಬೇಡ.

ಆದ್ದರಿಂದ ಸೇವೆಯನ್ನು ವರ್ಷಕ್ಕೊಂದು ದಿನದ ಕಾರ್ಯಕ್ರಮ ಮಾಡಿ ಮುಗಿಸಬಾರದೆಂದು ನನ್ನ ಕೋರಿಕೆ. ವಾರಕ್ಕೊಮ್ಮೆ ನೆರೆಮನೆಯ ಅಜ್ಜಿಗೆ ಔಷಧಿ ತಂದುಕೊಡುವುದು, ಕಟ್ಟಡದ ಕಾವಲುಗಾರರಿಗೆ ಬಿಸಿಲಲ್ಲಿ ತಣ್ಣೀರು ಒಯ್ಯುವುದು, ಗಾಡಿಯಲ್ಲಿ ಕೇಳುವ ಮೊದಲೇ ಸರಿದು ಜಾಗ ಮಾಡಿಕೊಡುವುದು, ಇಷ್ಟರಿಂದ ಶುರುವಾದರೆ ಸಾಕು. ನೆರೆ ಬಂದಾಗ, ಅವಘಡವಾದಾಗ ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಕಲಿಸುವ ಹೊತ್ತು ಈಗಿನದು, ಏನೂ ಆಗದ ಈ ಸಾಮಾನ್ಯ ದಿನಗಳದು. ಅದು ತಾಯ್ತಂದೆಯರಾದ ನಮ್ಮ ಕೈಯಲ್ಲಿದೆ.