ಅತ್ತಿಯವರ ಕಣ್ಣಿನ ಹನಿ

ನಮ್ಮ ಅತ್ತಿಯವರ ಎಡಗಣ್ಣಿನ ಪೊರಿ ತಗಸಿದ್ದು ನಿಮಗೆಲ್ಲಾ ಗೊತ್ತೇ ಅದ. ಆಪರೇಶನ್ನಿಗೆ ಅರ್ಧ ತಾಸೂ ಹಿಡೀಲಿಲ್ಲ. ಖರೇ ಕೆಲಸ ಶುರು ಆಗಿದ್ದು ಮನಿಗೆ ಬಂದ ಮ್ಯಾಲೆ. ಬಾವು ಇಳಸೋ ಹನಿ ಮೊದಲನೇ ವಾರ ದಿನಕ್ಕ 6 ಸಲ, ಎರಡನೇ ವಾರ 5, ಹಿಂಗ ಇಳಿಸ್ಕೋತ 6 ವಾರ ಹಾಕಬೇಕು. ಸೋಂಕು ಆಗಬಾರದಂತ ಇನ್ನೊಂದು ಬಾಟ್ಲಿ ಬ್ಯಾರೆ. ಹಳೇ ಕ್ಯಾಲೆಂಡರಿನ ಹಿಂದ ಮನಿ ಕೊರದು ಗ್ವಾಡಿಗೆ ಹಚ್ಚಿದೆ.

ನಾಲ್ಕು ದಿನ ನಾನೇ ಹಾಕಿದೆ. ಐದನೇ ದಿನ, "ನೀ ರೊಟ್ಟಿ ಬಡೀತಿರ್ತಿ, ಕೈಯೆಲ್ಲಾ ಹಿಟ್ಟು. ನಾನೇ ಹಾಕ್ಕೋತೀನಿ ಬಿಡವಾ" ಅಂದ್ರು. ನನಗೂ ಹಗರಾತು, ಸುಳ್ಳ್ಯಾಕ ಹೇಳ್ಲಿ. ಗ್ವಾಡಿ ಮ್ಯಾಲೆ ಗೀಟು ಬೀಳ್ತಿದ್ವು, ಬಾಟ್ಲಿನೂ ಖಾಲಿ ಆಗ್ತಿತ್ತು. ಇನ್ನೇನ ನೋಡೂದು?

ಹತ್ತನೇ ದಿನಕ್ಕ ಕಣ್ಣು ಕೆಂಪಗಾತು. ಬೆಳಕು ನೋಡಿದ್ರ ಚುಚ್ಚತದ, ಮಬ್ಬ ಕಾಣ್ತದ ಅಂದ್ರು. "ಕಸಾ ಬಿದ್ದಿರಬೇಕು" ಅಂತ ಅವರ ಸಮಾಧಾನ. ಅವರ ತಲಿದಿಂಬಿನ ಕವರ್ ಒಗ್ಯಾಕ ತಗದೆ ನೋಡ್ರಿ, ಒಂದು ಮಗ್ಗಲಿಗೆ ಒಣಗಿದ ಹಾಲಿನಂಥ ಬಿಳೇ ಕಲಿ. ಆ ಹನಿ ಬೆಳ್ಳಗ ಇರ್ತದ. ಕಣ್ಣಾಗ ಹೋಗಬೇಕಾದ್ದು ಗಲ್ಲದ ಮ್ಯಾಲೆ ಹರದು ದಿಂಬು ಕುಡದಿತ್ತು.

ಅವತ್ತೇ ದವಾಖಾನಿಗೆ ಓಡಿದ್ವಿ. ಪುಣ್ಯಾ, ಸೋಂಕು ಇರಲಿಲ್ಲ, ಒಳಗ ಬಾವು ತಿರುಗಿ ಎದ್ದಿತ್ತು. ಮ್ಯಾಲೆ ಕಣ್ಣು ಆರಾಮ ಅನಿಸಿದ್ರೂ ಒಳಗ ಇನ್ನೂ ಮಾಯ್ತಿರ್ತದ ಅಂತ ಡಾಕ್ಟರಬಾಯಿ ಬೈದ್ರು. ಹಂಗಂತ ಹೇಳಿದ್ದಕ್ಕಿಂತ ಹೆಚ್ಚು ದಿನಾನೂ ಹಾಕಬಾರದಂತ. ಅದು ಸ್ಟೀರಾಯ್ಡ್, ಕಣ್ಣಿನ ಒತ್ತಡ ಏರಬಹುದು.

ಹಾಕೋ ರೀತಿನೂ ತಿರುಗಿ ಕಲಿಸಿದ್ರು. ಔಷಧ ತಳಕ್ಕ ಕೂತಿರ್ತದ, ಬಾಟ್ಲಿ ಚೊಲೋತ್ನಂಗ ಅಲಗಾಡಿಸಬೇಕು. ಕೈ ತೊಳಕೊಂಡು, ಕೆಳಗಿನ ರೆಪ್ಪಿ ಜಗ್ಗಿ ಒಂದೇ ಹನಿ. ಬಾಟ್ಲಿ ತುದಿ ಕಣ್ಣಿಗೆ ತಾಗಬಾರದು. ಆಮ್ಯಾಲೆ ಕಣ್ಣು ಮುಚ್ಚಿ, ಮೂಗಿನ ಕಡೆ ಮೂಲಿಯೊಳಗ ಹಗೂರ ಬೆರಳು ಒತ್ತಿ ಒಂದೆರಡು ನಿಮಿಷ. ಇಲ್ಲಂದ್ರ ಔಷಧ ಗಂಟಲಿಗೆ ಇಳದು ಬಾಯಿ ಕಹಿ ಆಗ್ತದ. ಎರಡನೇ ಬಾಟ್ಲಿ 5 ನಿಮಿಷ ಬಿಟ್ಟು ಹಾಕಬೇಕು.

ಮನಿಗೆ ಬಂದು, "ಹನಿ ಸರಿ ಬೀಳವಲ್ದು ಅಂತ ನನಗ ಕರೀಬಾರದ?" ಅಂತ ಕೇಳಿದೆ. "ಆರು ಸಲ ಕರದ್ರ ಆರು ಸಲ ನಿನ್ನ ಮಾರಿ ನೋಡಬೇಕಲ್ಲ" ಅಂದ್ರು. ಸಿಟ್ಟಿಲೆ ಅಲ್ಲ, ಮೆತ್ತಗ. ನಾಲ್ಕನೇ ದಿನ ಒಗ್ಗರಣಿ ಸೀದಾಗ "ಈಗs ಬೇಕಾಗಿತ್ತೇನು?" ಅಂದಿದ್ದೆ ನಾನು. ನಾ ಮರತಿದ್ದೆ.

ಈಗ ಹನಿ ಹೊತ್ತಿಗೆ ಒಲಿ ಆರಿಸೇ ಬರ್ತೀನಿ. ಎರಡು ಬಾಟ್ಲಿ ನಡುವಿನ 5 ನಿಮಿಷ ಮಂಚದ ತುದಿಗೆ ಕೂಡ್ತೀನಿ. ಅವರು ಕಣ್ಣು ಮುಚ್ಚಿಕೊಂಡೇ ನನ್ನ ಪಲ್ಯಾಕ್ಕ ಉಪ್ಪು ಹೆಚ್ಚಾಗಿದ್ದು ಹೇಳ್ತಾರ.

ಕೆಂಪು ಇಳದದ, ಮಬ್ಬೂ ಹೋಗೇದ. ದೀಪಾವಳಿ ಮುಗದ ಮ್ಯಾಲೆ ಬಲಗಣ್ಣಿಂದು. ಉಳದ ಹನಿ ಅದಕ್ಕ ಆಗ್ತದ, ತಗದಿಡು ಅಂದ್ರು. ಒಡದು ತಿಂಗಳಾದ ಬಾಟ್ಲಿ ಅದು. ಅವರು ಮಲಗಿದಾಗ ಒಗದುಬಂದೆ.